ಕ್ಯಾಮೆರಾದ ಮುಂದೆ ಬೂದುಗುಂಬಳ

ಮನೆಗೆ ಕಾವಲು ಕ್ಯಾಮೆರಾ ಹಾಕುವುದು ಅತ್ಯಂತ ಸುಲಭದ ಕೆಲಸ. ಒಂದು ಏಣಿ, ಒಂದು ಡ್ರಿಲ್, ಒಂದು ಹಿಡಿ ಸ್ಕ್ರೂ, ಸ್ವಲ್ಪ ಬುದ್ಧಿ. ಇಷ್ಟಿದ್ದರೆ ಸಾಕು. ಮೊದಲ ಮೂರು ನನ್ನ ಅಂಗಡಿಯಲ್ಲೇ ಇದ್ದವು. ನಾಲ್ಕನೆಯದು ತಲೆಯಲ್ಲಿದೆ ಎಂದು ನಂಬಿದ್ದೆ. ತೆರೆದು ನೋಡಿರಲಿಲ್ಲ!

ಚನ್ನಗಿರಿಯಲ್ಲಿ ನನ್ನದು ಪೈಪು, ನಲ್ಲಿ, ವಾಷರ್ ಮಾರುವ ಅಂಗಡಿ. ಮನೆ, ಅಡಿಕೆ ತೋಟ ಇರುವುದು ತ್ಯಾವಣಿಗೆ ಕಡೆಯ ಹಳ್ಳಿಯಲ್ಲಿ. ಇಪ್ಪತ್ತು ವರ್ಷ ಪೈಪಿನೊಳಗೆ ನೀರು ಓಡಿಸಿದವನಿಗೆ ವೈರಿನೊಳಗೆ ಚಿತ್ರ ಓಡಿಸುವುದು ಏನು ಮಹಾ ಎಂಬುದು ನನ್ನ ಸಿದ್ಧಾಂತವಾಗಿತ್ತು. ನಾನು ಕೂರಿಸಿಕೊಟ್ಟ ನಲ್ಲಿಗಳಲ್ಲಿ ಎಷ್ಟು ಇನ್ನೂ ಸೋರುತ್ತಿವೆ ಎಂಬ ಪ್ರಶ್ನೆಯನ್ನು ಆ ಸಿದ್ಧಾಂತ ಕೇಳುತ್ತಿರಲಿಲ್ಲ.

ಕ್ಯಾಮೆರಾದ ಹುಚ್ಚು ಹಿಡಿಸಿದವನು ಜಗಳೂರಿನ ನಾಗರಾಜ. ನನ್ನ ಹೆಂಡತಿ ಗಿರಿಜಾಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ. ನ್ಯಾಮತಿಯಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಹೋಳಿಗೆ.

"ನೋಡಣ್ಣ, ನ್ಯಾಮತಿಯಾಗೆ ಹೋಳಿಗೆ ತಿಂತಾ ಜಗಳೂರಾಗೆ ಎಮ್ಮೆ ಕಾಯ್ತಾ ಇದೀನಿ!"

ಫೋನಿನಲ್ಲಿ ನಿಜಕ್ಕೂ ಒಂದು ಎಮ್ಮೆ ಇತ್ತು. ಅದು ಕ್ಯಾಮೆರಾವನ್ನು ದಿಟ್ಟಿಸಿ ನೋಡಿ, ಮುಖ ತಿರುಗಿಸಿ, ಸಗಣಿ ಹಾಕಿತು. ಈ ಇಡೀ ಪ್ರಕರಣದಲ್ಲಿ ಕ್ಯಾಮೆರಾವನ್ನು ಸರಿಯಾಗಿ ಅರ್ಥ ಮಾಡಿಕೊಂಡ ಮೊದಲ ಜೀವಿ ಅದು. ಆದರೆ ಆಗ ನನಗೆ ಕಂಡದ್ದು ಪಂಕ್ತಿಯ ಅರ್ಧ ಜನ ಬಗ್ಗಿ ಅವನ ಫೋನು ನೋಡುತ್ತಿದ್ದದ್ದು ಮಾತ್ರ. ನನ್ನ ಹೋಳಿಗೆಗೆ ತುಪ್ಪ ಹಾಕುವವನೂ ಅಲ್ಲೇ ನಿಂತುಬಿಟ್ಟ!

ಮನೆಗೆ ಬಂದವನೇ ಘೋಷಿಸಿದೆ. "ಗಿರಿಜಾ, ಅಂಗಳಕ್ಕೆ ಕ್ಯಾಮೆರಾ ಹಾಕ್ತೀನಿ. ವರ್ಷದ ಅನ್ನ ಅಂಗಳದಾಗೆ ಬಿದ್ದಿರ್ತೈತೆ. ನೋಡೋರು ಯಾರು?"

"ಹಾಲಕ್ಕ ನೋಡ್ತಾಳಲ್ರಿ. ಆಯಮ್ಮಂಗೆ ಕರೆಂಟೂ ಬೇಡ, ಚಾರ್ಜೂ ಬೇಡ."

ಹಾಲಕ್ಕ ಎಂದರೆ ಹಾಲಮ್ಮ. ನಮ್ಮಲ್ಲಿ ಅಡಿಕೆ ಸುಲಿಯುವ ಹೆಂಗಸರ ತಂಡದ ಹಿರಿಯಳು. ಹಸಿ ಅಡಿಕೆಯ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು: ಗೊನೆ ಕೊಯ್ದ ಮೇಲೆ ಅಡಿಕೆ ಯಾರಿಗಾಗಿಯೂ ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಸುಲಿದು ಬೇಯಿಸಬೇಕು. ಬಿಟ್ಟರೆ ರಾಶಿ ಬಿಸಿಯೇರಿ ಬಣ್ಣ ಕೆಡುತ್ತದೆ. ವ್ಯಾಪಾರಿ ಒಂದು ಕಾಯಿ ಎತ್ತಿ, ಸತ್ತವರ ಮನೆಗೆ ಬಂದವನಂತೆ ಮುಖ ಮಾಡುತ್ತಾನೆ. ಸುಲಿಯುವ ಮಷಿನ್‌ಗಳೂ ಬಂದಿವೆ, ಆದರೆ ಕೊಯ್ಲಿನ ಕಾಲದಲ್ಲಿ ಅವುಗಳ ಮುಂದೆ ಸಾಲು. ಹಾಗಾಗಿ ನಮ್ಮ ಅಂಗಳದ ಭವಿಷ್ಯ ಹಾಲಮ್ಮನ ತಂಡದ ಕೈಯಲ್ಲಿ. ಅವರು ನನ್ನ ತಾಯಿಯ ಕಾಲದಿಂದಲೂ ಊರಲ್ಲಿ ಮೊದಲು ನಮ್ಮ ಅಂಗಳಕ್ಕೇ ಬರುತ್ತಿದ್ದರು. ಅದು ನನ್ನ ಮುಖ ನೋಡಿ ಅಲ್ಲ ಎಂಬುದು ಈಗ ಸ್ಪಷ್ಟವಾಗಿದೆ.

ಕ್ಯಾಮೆರಾ ಬಂತು. ನೋಡುವುದಷ್ಟೇ ಅಲ್ಲ, ಮಾತೂ ಆಡುವ ಕ್ಯಾಮೆರಾ. ಫೋನಿನಲ್ಲಿ ಒಂದು ಗುಂಡಿ ಒತ್ತಿ ಮಾತಾಡಿದರೆ ನಮ್ಮ ದನಿ ಅದರ ಹೊಟ್ಟೆಯಿಂದ ಹೊರಡುತ್ತದೆ. ಹಾಕುವ ವಿಧಾನವನ್ನು ವಿಡಿಯೊ ನೋಡಿ ಕಲಿತೆ. ಈ ವಿಡಿಯೊ ಪಂಡಿತರ ಮನೆಯ ಗೋಡೆಗಳೆಲ್ಲ ಬೆಳ್ಳಗಿರುತ್ತವೆ. ಅವರ ಏಣಿ ಅಲುಗಾಡುವುದಿಲ್ಲ. ಅವರ ಇಟ್ಟಿಗೆ ಉದುರುವುದಿಲ್ಲ. "ಬೀಳ್ತೀರಿ, ಬೀಳ್ತೀರಿ" ಎಂದು ಕೆಳಗೆ ನಿಂತು ಹೇಳುವ ಹೆಂಡತಿಯಂತೂ ಇರುವುದೇ ಇಲ್ಲ. ಇಂಥವರ ಮಾತು ಕೇಳಿ ಏಣಿ ಹತ್ತುವವರನ್ನು ಏನೆನ್ನಬೇಕು? ಹತ್ತಿದೆ.

ಏಣಿ ಹತ್ತಿ, ತೂತು ಕೊರೆದು, ಕ್ಯಾಮೆರಾ ಕೂರಿಸಿ, ಇಳಿದು ಬಂದೆ. ನನ್ನ ನೆನಪಿನಲ್ಲಿರುವುದು ಇಷ್ಟು. ಆದರೆ ಇಷ್ಟು ಚೊಕ್ಕಟವಾದ ನೆನಪನ್ನು ನಾನು ನಂಬುವುದಿಲ್ಲ. ಚೊಕ್ಕಟವಾಗಿದೆ ಎಂದರೆ ಯಾರೋ ಮೊದಲೇ ಬಂದು ಗುಡಿಸಿದ್ದಾರೆ ಎಂದರ್ಥ. ಕ್ಯಾಮೆರಾದಲ್ಲಿ ಅವತ್ತಿನ ದಾಖಲೆ ಇತ್ತು, ನೋಡಿದೆ: ಮೊದಲು ನನ್ನ ಮೂಗಿನ ಹೊಳ್ಳೆಗಳು. ಬಾಯಲ್ಲಿ ಸ್ಕ್ರೂ. ಆಮೇಲೆ ಆಕಾಶ. ತಗಡಿನ ಮಾಡು. ಆಕಾಶ. ಒಂದು ಕೋಳಿ, ಬಹಳ ಹತ್ತಿರದಿಂದ. ಕೊನೆಗೆ ಕತ್ತಲೆ, ಏಕೆಂದರೆ ಕ್ಯಾಮೆರಾ ಹೊಟ್ಟಿನ ಬುಟ್ಟಿಯೊಳಗೆ ಬಿದ್ದಿತ್ತು. ನಾನು ಅದರ ಪಕ್ಕದಲ್ಲಿ.

ಆದ್ದರಿಂದ ಸಲಹೆ: ಮೇಲೆ ಹತ್ತುವ ಮೊದಲು ಕೆಳಗೇ ಕರೆಂಟು ಕೊಟ್ಟು, ಚಿತ್ರ ಬರುತ್ತದೆಯೇ ನೋಡಿ. ಏಣಿಯನ್ನು ಇನ್ನೊಬ್ಬರು ಹಿಡಿದಿರಲಿ. ಆ ಇನ್ನೊಬ್ಬರ ಜೊತೆ ಬೆಳಿಗ್ಗೆಯಿಂದ ಜಗಳ ಆಡಿರಬೇಡಿ.

ಎರಡನೇ ಸಲ ಅಡಿಕೆ ಬೇಯಿಸುವ ಒಲೆಯ ಮೇಲಿನ ಗೋಡೆಗೆ ಹಾಕಿದೆ. ಮೊದಲ ಹಂಡೆ ಕುದಿಯುತ್ತಲೇ ಗಾಜಿಗೆ ಹಬೆ ಮೆತ್ತಿ, ನಮ್ಮ ಅಂಗಳ ಚಹಾದೊಳಗೆ ಮುಳುಗಿದಂತೆ ಕಂಡಿತು. ಮೂರನೇ ಸಲ ಪಶ್ಚಿಮಕ್ಕೆ ಮುಖ ಮಾಡಿಸಿದೆ. ಸಂಜೆಯಾದರೆ ಸೂರ್ಯನೊಬ್ಬನೇ ಕಾಣುತ್ತಿದ್ದ, ಅವನು ನಮ್ಮ ಅಡಿಕೆ ಕದಿಯುವ ಸಂಭವ ಕಡಿಮೆ. ನಾಲ್ಕನೇ ಸಲ ಜಗಲಿಯ ಸೂರಿಗೆ ತಲೆಕೆಳಗಾಗಿ ತೂಗುಹಾಕಿದೆ. ಅಂಗಳ ಪೂರ್ತಿ ಕಂಡಿತು, ತಲೆಕೆಳಗಾಗಿ! ಮನುಷ್ಯರು ಆಕಾಶದಿಂದ ಬಾವಲಿಗಳಂತೆ ಜೋತಾಡುತ್ತಿದ್ದರು. ನಾನು ಸೋಲಲಿಲ್ಲ. ಫೋನನ್ನೇ ತಲೆಕೆಳಗಾಗಿ ಹಿಡಿದು ನೋಡಿದೆ. ಅಂಗಡಿಗೆ ಬಂದ ಗಿರಾಕಿಗಳು "ಇವ್ರಿಗೆ ಏನಾಗೈತೆ?" ಎಂದು ಪಕ್ಕದ ಅಂಗಡಿಯಲ್ಲಿ ವಿಚಾರಿಸಿದರಂತೆ.

ಕೊನೆಗೆ ಗಿರಿಜಾ ತನ್ನ ಫೋನಿಗೂ ಕ್ಯಾಮೆರಾದ ಆ್ಯಪ್ ಹಾಕಿಸಿಕೊಂಡು, ಎಲ್ಲೋ ಏನೋ ಒತ್ತಿದಳು. ಲೋಕ ನೆಟ್ಟಗಾಯಿತು. "ಚಿತ್ರ ತಿರುಗಿಸಿ ಅಂತ ಕನ್ನಡದಾಗೇ ಬರ್ದೈತಲ್ರಿ" ಎಂದಳು. ನಾನು ಕೆಮ್ಮಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನೊಬ್ಬ ಸಾಮಾನ್ಯ ದಡ್ಡನಾಗಿ ಉಳಿಯುತ್ತಿದ್ದೆ. ಆದರೆ ಪಕ್ಕದ ಮನೆಯ ರುದ್ರಪ್ಪ ಬಂದ. ಸೂರಿನ ಕೆಳಗೆ ನಿಂತು, ಟೊಂಕದ ಮೇಲೆ ಕೈಯಿಟ್ಟು, ಬಾಯಿ ತೆರೆದು ಮೇಲೆ ನೋಡಿದ.

"ಅಬ್ಬಬ್ಬಬ್ಬ! ಏನ್ ಮಾಲ್ ಹಾಕ್ಸೀಯೋ ಮಾರಾಯ! ಇಡೀ ಊರಾಗೆ ಇಂಥದ್ದಿಲ್ಲ ಬಿಡು!"

ಅಷ್ಟೇ! ಅವನು ಗೇಟು ದಾಟಿ ಹೋಗಿ ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಸತ್ತುಹೋಯಿತು. ಫೋನಿನಲ್ಲಿ ಒಂದು ಚಕ್ರ ತಿರುಗುತ್ತಲೇ ಇತ್ತು.

ತಿಳಿದವರು ಇಂಥ ಹೊತ್ತಿನಲ್ಲಿ ಒಂದು ಕ್ರಮ ಅನುಸರಿಸುತ್ತಾರೆ. ಮೊದಲು ಪ್ಲಗ್ಗು, ಆಮೇಲೆ ಅಡಾಪ್ಟರು, ಆಮೇಲೆ ವೈರು, ವೈಫೈ, ಮೆಮೊರಿ ಕಾರ್ಡು. ಇವೆಲ್ಲ ಸರಿಯಿದ್ದರೆ ನೆರೆಮನೆಯವನ ಕಣ್ಣು. ನಾನು ಕೊನೆಯದರಿಂದ ಶುರು ಮಾಡಿದೆ.

ಸಂತೆಯಿಂದ ಒಂದು ಬೂದುಗುಂಬಳ ತಂದೆ. ಚಿಕ್ಕದು ತಂದರೆ ರುದ್ರಪ್ಪನ ಕಣ್ಣಿಗೆ ಸಾಲದೆಂದು ದೊಡ್ಡದನ್ನೇ ಆರಿಸಿದೆ. ಅರಿಸಿನ, ಕುಂಕುಮ, ವಿಭೂತಿ ಬಳಿದೆ. ಕಪ್ಪು ಮಸಿಯಲ್ಲಿ ಎರಡು ಕಣ್ಣು, ಒಂದು ಮೀಸೆ, ಹೊರಚಾಚಿದ ನಾಲಿಗೆ ಬರೆದೆ. ದಪ್ಪ ಹುರಿಯಲ್ಲಿ ಕಟ್ಟಿ ಕ್ಯಾಮೆರಾದ ಮುಂದೆ ತೂಗುಬಿಟ್ಟೆ. ಜನರನ್ನು ನೋಡಲು ಒಂದು ಕಣ್ಣು. ಆ ಕಣ್ಣನ್ನು ಜನರ ಕಣ್ಣಿನಿಂದ ಕಾಯಲು ಒಂದು ಕುಂಬಳಕಾಯಿ! ಇದಕ್ಕಿಂತ ಪಕ್ಕಾ ವ್ಯವಸ್ಥೆ ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಆಶ್ಚರ್ಯವೆಂದರೆ, ಕಾಯಿ ಕಟ್ಟಿ ಏಣಿ ಇಳಿಯುವಷ್ಟರಲ್ಲಿ ಕ್ಯಾಮೆರಾಗೆ ಜೀವ ಬಂತು!

"ನೋಡಿದ್ಯಾ?" ಎಂದೆ.

"ನೋಡ್ದೆ," ಎಂದಳು ಗಿರಿಜಾ. "ಮಿಕ್ಸಿ ಹಾಕಾಕೆ ಅಂತ ನಿಮ್ಮ ಪ್ಲಗ್ ಕಿತ್ತಿದ್ದೆ. ಚಟ್ನಿ ಆತು, ವಾಪಸ್ ಚುಚ್ಚಿದೆ."

ಕುಂಬಳಕಾಯಿ ಮಾತ್ರ ಇಳಿಸಲಿಲ್ಲ. ಕಟ್ಟಿದ್ದನ್ನು ಇಳಿಸಿದರೆ ಕೆಟ್ಟದಂತೆ. ಯಾರು ಹೇಳಿದರೋ, ನೆನಪಿಲ್ಲ. ಬಹುಶಃ ನಾನೇ. ಈಗ ಫೋನಿನ ಚಿತ್ರದಲ್ಲಿ ಎಡಭಾಗಕ್ಕೆ ಅಂಗಳ, ಬಲಭಾಗಕ್ಕೆ ಕುಂಬಳಕಾಯಿಯ ಬೆನ್ನು. "ಅರ್ಧ ಅಂಗಳ ಕಾಣಂಗಿಲ್ಲಲ್ರಿ" ಎಂದಳು ಗಿರಿಜಾ. "ಕಳ್ಳಂಗೆ ಅದು ಗೊತ್ತಿರಾಕಿಲ್ಲ ಬಿಡು" ಎಂದೆ. ಗೊತ್ತಿರಬೇಕಾದವನು ನಾನು ಎಂಬುದು ಹೊಳೆಯಲಿಲ್ಲ.

ಎರಡನೇ ಕೊಯ್ಲು ಆಯಿತು. ಹಸಿ ಗೊನೆಗಳು ಅಂಗಳದಲ್ಲಿ ಗುಡ್ಡೆ ಬಿದ್ದವು. ಹಾಲಮ್ಮನ ತಂಡ ಬಂದು, ಕಾಲಲ್ಲಿ ಒತ್ತಿ ಹಿಡಿಯುವ ಮೆಟ್ಟುಗತ್ತಿಗಳನ್ನು ಹಾಕಿಕೊಂಡು ಕೂತಿತು. ನಾನು ಚನ್ನಗಿರಿಯ ಅಂಗಡಿಯಲ್ಲಿ ಕೂತು ಫೋನು ತೆರೆದೆ. ಆಹಾ! ನಾಗರಾಜನಿಗೆ ಒಂದು ಎಮ್ಮೆ, ನನಗೆ ಒಂದು ಸಾಮ್ರಾಜ್ಯ. ಗುಂಡಿ ಒತ್ತಿ "ನಮಸ್ಕಾರ" ಎಂದೆ. ಅಲ್ಲಿ ಒಬ್ಬಳು ಕಿಟಾರನೆ ಕಿರುಚಿದಳು. ಒಂದು ಕೋಳಿ ಮಾಡಿನ ಮೇಲೆ ಹಾರಿತು.

"ಯಾರದು? ಕುಂಬಳಕಾಯಿ ಮಾತಾಡ್ತೈತಲ್ರವ್ವಾ!" ಎಂದಳು ಇನ್ನೊಬ್ಬಳು.

"ಅದು ನಮ್ಮನಿ ಯಜಮಾನ್ರು ಕಣ್ರೇ. ಏನ್ ವ್ಯತ್ಯಾಸ ಇಲ್ಲ, ಸುಲೀರಿ" ಎಂದಳು ಗಿರಿಜಾ.

ಎಲ್ಲರೂ ನಕ್ಕರು. ಅಂಗಡಿಯಲ್ಲಿ ನಾನೂ ನಕ್ಕೆ. ಅಧಿಕಾರ ಇರುವವನು ಸ್ವಲ್ಪ ನಗಬೇಕು. ಆಮೇಲೆ ಅಧಿಕಾರ ನಡೆಸಿದೆ. "ಮಾತು ಕಡಿಮೆ ಮಾಡ್ರಿ, ಕೈ ಜೋರು ಮಾಡ್ರಿ." "ಆ ಮೂಲೆಯಾಗೆ ಕಾಯಿ ಉರುಳ್ತಾ ಐತೆ, ನೋಡ್ರಿ." "ಎಲೆಅಡಿಕೆ ಎಷ್ಟು ಹೊತ್ತು ಹಾಕ್ಕಂತೀರಿ?" ಪೈಪು ಕೊಳ್ಳಲು ಬಂದವರು ಕಾದು ಕಾದು ಹೋದರು. ಹಾಲಮ್ಮ ಒಮ್ಮೆ ತಲೆಯೆತ್ತಿ ಕ್ಯಾಮೆರಾವನ್ನು ನೋಡಿದಳು. ಜಗಳೂರಿನ ಎಮ್ಮೆಯ ಅದೇ ನೋಟ.

ಸಂಜೆ ಕೆಲಸ ಮುಗಿಯುವ ಹೊತ್ತು. ಹಾಲಮ್ಮ ಎದ್ದು, ಸೆರಗು ಕೊಡವಿ, ತನ್ನ ಕೈಚೀಲದ ಬಾಯಿ ತೆರೆದು ಕುಂಬಳಕಾಯಿಯ ಕಡೆ ಸರಿದಳು. ಒಂದು ಹಿಡಿ ಅಡಿಕೆ ಚೀಲಕ್ಕೆ ಬಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಿಕ್ಕಿಬಿದ್ದಳು! ಇಷ್ಟು ವರ್ಷ! ಆ ಕ್ಷಣದಲ್ಲಿ ನನಗಾದದ್ದು ದುಃಖವಲ್ಲ, ಸಂತೋಷ. ಕ್ಯಾಮೆರಾ ದಂಡವಾಗಲಿಲ್ಲವಲ್ಲ!

"ಹಾಲಮ್ಮನವರೇ, ಚೀಲದಲ್ಲಿ ಏನೋ ಹಾಕಿಕೊಂಡಂತಿದೆ" ಎಂದು ವಿನಯವಾಗಿ ವಿಚಾರಿಸಿದೆ.

ಇಲ್ಲ. ಹಿಂದಿನ ಸಾಲು ಸುಳ್ಳು. ಹಾಗೆ ಕೇಳಿದ್ದೆ ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ, ಹೇಳಿ ಹೇಳಿ ಅದೇ ನೆನಪಾಗಿಬಿಟ್ಟಿದೆ. ದಾಖಲೆಯಲ್ಲಿ ಇದ್ದದ್ದು ಇದು:

"ಏಯ್ ಹಾಲಮ್ಮಾ! ಚೀಲದಾಗೆ ಹಾಕ್ಕಂಡಿದ್ದೇನು? ತೆಗೆದು ತೋರಿಸು!"

ಮೆಟ್ಟುಗತ್ತಿಗಳ ಸದ್ದು ಒಂದೊಂದಾಗಿ ನಿಂತಿತು. ಹಾಲಮ್ಮ ಚೀಲವನ್ನು ಎತ್ತಿ, ತಿರುವಿ, ರಾಶಿಯ ಮೇಲೆ ಕೊಡವಿದಳು. ಒಂದು ಹಿಡಿ ಅಡಿಕೆ, ಒಂದು ಸುಣ್ಣದ ಡಬ್ಬಿ, ಬಸ್ಸಿನ ಟಿಕೆಟು, ಒಂದು ಬಾಚಣಿಗೆ. ಅಡಿಕೆಯನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಆರಿಸಿಕೊಂಡಳು.

"ನೋಡಿದ್ರಾ ಯಜಮಾನ್ರೇ? ಬಾಚಣಿಗೆನೂ ನಿಮ್ದಾ ನೋಡ್ಕಳ್ರಿ." ಆಮೇಲೆ ಹಿಂದೆ ತಿರುಗಿ, "ಏಳ್ರೇ. ಈ ಅಂಗಳದಾಗೆ ಇನ್ನು ಕುಂಬಳಕಾಯಿನೇ ಸುಲೀಲಿ" ಎಂದಳು.

ಅವರು ಗೇಟು ದಾಟಿ ಹೋಗುವುದನ್ನು ನಾನು ಚನ್ನಗಿರಿಯಲ್ಲಿ ಕೂತು, ಅತ್ಯಂತ ಸ್ಪಷ್ಟವಾಗಿ, ಬಣ್ಣದಲ್ಲಿ ನೋಡಿದೆ.

ಮನೆಗೆ ಬಂದಾಗ ಗಿರಿಜಾ ಜಗಲಿಯ ಮೇಲೆ ಕೂತಿದ್ದಳು. ಫೋನು ನನ್ನ ಮುಂದೆ ಹಿಡಿದು ಆ ಕ್ಷಣದ ದೃಶ್ಯ ಹಾಕಿದಳು. ಹಾಲಮ್ಮ ಚೀಲ ತೆರೆಯುತ್ತಾಳೆ. ಒಂದು ಹಿಡಿ ಅಡಿಕೆ ಬೀಳುತ್ತದೆ.

"ಹಾಲಕ್ಕನ ಎರಡು ಕೈನೂ ಚೀಲ ಹಿಡ್ಕಂಡಾವೆ. ಅಡಿಕೆ ಹಾಕಿದ ಕೈ ಯಾವ್ದು?"

ಮತ್ತೆ ನೋಡಿದೆ. ಮೀಸೆ ಹೊತ್ತ ಬೂದುಗುಂಬಳದ ಹಿಂದಿನಿಂದ ಒಂದು ಕೈ ಬರುತ್ತದೆ. ಕೈತುಂಬ ಹಸಿರು ಗಾಜಿನ ಬಳೆ. ಹೊನ್ನಾಳಿಯ ಬಳೆ ಅಂಗಡಿಯಲ್ಲಿ ನನ್ನನ್ನು ಅರ್ಧ ದಿನ ನಿಲ್ಲಿಸಿ ಕೊಂಡ ಬಳೆಗಳು.

"ನಿಮ್ಮ ಅವ್ವ ಇದ್ದಾಗಿಂದ ಐತಿದು. ಕೆಲ್ಸ ಮುಗಿಸಿ ಹೋಗಾವಾಗ ಒಬ್ಬೊಬ್ರಿಗೂ ಒಂದೊಂದು ಹಿಡಿ, ಎಲೆಗೆ. ಮನಿ ಹೆಂಗಸು ತನ್ನ ಕೈಯಾರೆ ಹಾಕ್ಬೇಕು. ನಾನು ಹಾಕ್ತಿದ್ದೆ. ನೀವು ಮೇಲಿಂದ ಬೊಗಳಿದ್ರಿ."

ನಾನು ಅಂಗಳ ನೋಡಿದೆ. ಸುಲಿಯದ ಅಡಿಕೆ ಅರ್ಧಕ್ಕಿಂತ ಹೆಚ್ಚು ಹಾಗೇ ಬಿದ್ದಿತ್ತು. ಕೈ ಇಟ್ಟರೆ ಬೆಚ್ಚಗಿತ್ತು.

ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಸುತ್ತಿದೆ. ಮಷಿನ್‌ನವನು ಸಾಲು ತೋರಿಸಿದ. ಪಕ್ಕದ ಊರಿನ ತಂಡದವರು "ಯಾವ ಮನಿ? ಆ ಮಾತಾಡೋ ಕುಂಬಳಕಾಯಿ ಮನಿನಾ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ಸವಳಂಗದಲ್ಲಿರುವ ನೆಂಟನಿಗೆ ಫೋನು ಮಾಡಿದರೆ ಅವನಿಗೂ ಸುದ್ದಿ ಮುಟ್ಟಿತ್ತು. ನಮ್ಮ ಮನೆಯ ವೈಫೈ ಅಡುಗೆಮನೆಯಿಂದ ಜಗಲಿಗೆ ಬರಲು ಏದುಸಿರು ಬಿಡುತ್ತದೆ. ನನ್ನ ಮಾನ ಹೋದ ಸುದ್ದಿ ಎರಡು ತಾಲ್ಲೂಕು ದಾಟಿತ್ತು! ನಾಗರಾಜನ ಫೋನೂ ಬಂತು. "ಅಣ್ಣಾ, ಏನಾರ ಸಹಾಯ ಬೇಕಾ? ಎಮ್ಮೆ ಕಳಿಸ್ಲಾ?"

ನಾನು ಮನೆಗೆ ಮರಳುವಷ್ಟರಲ್ಲಿ ಗಿರಿಜಾ ಎದ್ದು ಹೋಗಿದ್ದಳು. ರುದ್ರಪ್ಪನ ಅಂಗಳಕ್ಕೆ. ಹಾಲಮ್ಮನ ತಂಡ ಅವತ್ತು ಅಲ್ಲಿ ಸುಲಿಯುತ್ತಿತ್ತು. ವಾಪಸ್ ಬಂದವಳು ಗೇಟಿನಲ್ಲೇ ನಿಂತು ತೀರ್ಪು ಓದಿದಳು.

"ನಾಳೆ ಬರ್ತಾರಂತೆ. ಆದ್ರೆ ಆ ಮೂಲೆ ಗುಡ್ಡೆ ಐತಲ್ಲ, ಅದನ್ನ ಇವತ್ತು ಸಂಜಿ ಒಳಗೆ ನೀವು ಒಬ್ರೇ ಸುಲೀಬೇಕಂತೆ. ಕ್ಯಾಮೆರಾ ಮುಂದೆ. ಅವ್ರು ಅಲ್ಲಿ ಕೂತು ನೋಡ್ತಾರಂತೆ."

"ಯಾವುದ್ರಾಗೆ ನೋಡ್ತಾರೆ?"

"ನನ್ನ ಫೋನಾಗೆ" ಎಂದು ಹೇಳಿ ಮತ್ತೆ ರುದ್ರಪ್ಪನ ಅಂಗಳಕ್ಕೇ ಹೊರಟುಹೋದಳು.

ಆಗದು ಎಂದರೆ ಇಡೀ ರಾಶಿ ಕೆಡುತ್ತದೆ. ಕೂತೆ. ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದೆ. ಹಾಲಮ್ಮನ ಕೈಯಲ್ಲಿ ಅಡಿಕೆ ತಾನಾಗಿ ಅಂಗಿ ಬಿಚ್ಚುವಂತೆ ಸಿಪ್ಪೆ ಬಿಡುತ್ತದೆ. ನನ್ನ ಕೈಯಲ್ಲಿ ಅದು ಜಾರಿತು, ಚಿಮ್ಮಿತು, ಮೂಗಿಗೆ ಹೊಡೆಯಿತು. ಸಿಪ್ಪೆ ಬಿಡುವಷ್ಟರಲ್ಲಿ ಕಾಯಿಯೇ ಎರಡು ಹೋಳು. ಬೆರಳೆಲ್ಲ ಕಂದು ಬಣ್ಣ. ಸೊಂಟ ತನ್ನದೇ ಭಾಷೆಯಲ್ಲಿ ಮಾತಾಡತೊಡಗಿತು. ಬಿಸಿಲು ಇಳಿಯುತ್ತಾ ಬಂದರೂ ಗುಡ್ಡೆ ಇಳಿಯಲಿಲ್ಲ.

ಆಗ ನನ್ನ ತಲೆಯ ನಾಲ್ಕನೇ ಸಾಮಗ್ರಿ ಕೆಲಸ ಮಾಡಿತು.

ಕುಂಬಳಕಾಯಿ! ಅಂಗಳದ ಬಲಭಾಗ ಕ್ಯಾಮೆರಾಗೆ ಕಾಣುವುದಿಲ್ಲ. ಈ ಲೋಕದಲ್ಲಿ ಅದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಕೂತಲ್ಲೇ ಮೆಲ್ಲಗೆ ಬಲಕ್ಕೆ ಜರುಗಿದೆ. ಮೆಟ್ಟುಗತ್ತಿ ಎಳೆದುಕೊಂಡೆ. ಗುಡ್ಡೆಯನ್ನೂ ಮೊಣಕಾಲಿನಲ್ಲಿ ಸ್ವಲ್ಪ ಸ್ವಲ್ಪವೇ ತಳ್ಳಿದೆ. ಅಲ್ಲಿ ಸಿಪ್ಪೆಯ ದೊಡ್ಡ ರಾಶಿ ಇತ್ತು. ಸುಲಿಯದ ಅಡಿಕೆಯನ್ನು ಬೊಗಸೆ ಬೊಗಸೆ ಎತ್ತಿ ಸಿಪ್ಪೆಯ ಕೆಳಗೆ ತುರುಕಿದೆ. ಮೇಲೆ ಸಿಪ್ಪೆ ಹರಡಿದೆ. ಗುಡ್ಡೆ ಕರಗಿತು! ಇಷ್ಟು ಚುರುಕಾಗಿ ಕೈ ಅವತ್ತು ಒಮ್ಮೆಯೂ ಓಡಿರಲಿಲ್ಲ. ಹಾಡೊಂದನ್ನು ಗುನುಗುತ್ತಿದ್ದೆ ಎಂದು ಗಿರಿಜಾ ಹೇಳುತ್ತಾಳೆ. ನನಗೆ ನೆನಪಿಲ್ಲ.

ತಲೆಯ ಮೇಲಿಂದ ದನಿ ಬಂತು.

"ಯಜಮಾನ್ರೇ! ಸಿಪ್ಪೆ ಕೆಳಗೆ ಮುಚ್ಚಿಟ್ಟಿದ್ದೇನು? ತೆಗೆದು ತೋರಿಸ್ರಿ!"

ಹಾಲಮ್ಮ! ಅವಳ ಹಿಂದೆ ಇಡೀ ತಂಡದ ನಗು. ನಡುವೆ ರುದ್ರಪ್ಪನ ಗೊಗ್ಗರು ನಗುವೂ ಇತ್ತು. ಅದೇ ನಗು ಗೋಡೆಯಾಚೆಯಿಂದ ಒಮ್ಮೆ, ಕ್ಯಾಮೆರಾದಿಂದ ತುಸು ತಡವಾಗಿ ಇನ್ನೊಮ್ಮೆ ಕೇಳಿತು. ತಲೆಯೆತ್ತಿ ನೋಡಿದೆ. ಸೂರಿನಲ್ಲಿ ಹುರಿ ಮಾತ್ರ ಜೋತಾಡುತ್ತಿತ್ತು. ಕುಂಬಳಕಾಯಿ ಇರಲಿಲ್ಲ.

"ಅದನ್ನ ಬೆಳಿಗ್ಗೆನೇ ತಿಪ್ಪೆಗೆ ಎಸೆದೆ ಕಣ್ರೀ" ಎಂದಿತು ಕ್ಯಾಮೆರಾ, ಗಿರಿಜಾಳ ದನಿಯಲ್ಲಿ. "ಇಡೀ ಅಂಗಳ ಎಷ್ಟು ಚೆಂದ ಕಾಣ್ತೈತಿ ಗೊತ್ತಾ?"

ಮರುದಿನ ತಂಡ ಬಂತು. ಗುಡ್ಡೆ ಮುಗಿಯದಿದ್ದರೂ ಬಂದರು. ಅಷ್ಟು ನಕ್ಕ ಮೇಲೆ ಬರದಿರುವುದು ಅನ್ಯಾಯವೆಂದು ಹಾಲಮ್ಮ ಹೇಳಿದಳಂತೆ. ರಾಶಿ ಉಳಿಯಿತು. ಒಂದು ಭಾಗದ ಬಣ್ಣ ಕೆಟ್ಟಿತು, ಅದು ನಾನು ಸಿಪ್ಪೆಯ ಕೆಳಗೆ ಬಚ್ಚಿಟ್ಟು ಬಿಸಿ ಮಾಡಿದ ಭಾಗ. ಸಂಜೆ ಎಲ್ಲರೂ ಸಾಲಾಗಿ ನಿಂತು ಚೀಲ ತೆರೆದರು. ಗಿರಿಜಾ ಕೈ ಕಟ್ಟಿ ನಿಂತಳು. ಆ ಸಲ ಹಿಡಿ ಹಿಡಿಯಾಗಿ ಹಾಕಿದ್ದು ನಾನು, ಕ್ಯಾಮೆರಾಗೆ ಕಾಣುವಂತೆ ಒಂದೊಂದೂ ಎತ್ತಿ ತೋರಿಸಿ. "ಇನ್ನೊಂದು ಚೂರು ಬಲಕ್ಕೆ ಬರ್ರಿ ಯಜಮಾನ್ರೇ, ಮುಖ ಬೀಳವಲ್ದು" ಎಂದಳು ಹಾಲಮ್ಮ.

ಆ ದೃಶ್ಯಗಳು ಈಗ ಇಲ್ಲ. ಕಾರ್ಡು ತುಂಬಿದ ಮೇಲೆ ಕ್ಯಾಮೆರಾ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ನಾನೂ ಅದನ್ನೇ ಮಾಡುತ್ತೇನೆ, ನನ್ನ ಅನುಕೂಲ ನೋಡಿಕೊಂಡು. ಹಾಗಾಗಿ ಇಲ್ಲಿ ನಾನು ಹೇಳಿದ್ದರಲ್ಲಿ ನನಗೆ ಮರ್ಯಾದೆ ತರುವ ಸಾಲು ಏನಾದರೂ ಕಂಡರೆ ದಯವಿಟ್ಟು ಗಿರಿಜಾಳನ್ನು ಒಮ್ಮೆ ಕೇಳಿ.

ಕ್ಯಾಮೆರಾ ಇನ್ನೂ ಇದೆ. ಮೊನ್ನೆ ನಾಗರಾಜ ಬಂದಿದ್ದ, ಸೂರಿನ ಕೆಳಗೆ ನಿಂತು ಕೇಳಿದ: "ಹಾಕಿದ್ದಕ್ಕೆ ಕಳ್ಳ ಯಾರಾರ ಸಿಕ್ಕಿದ್ನಾ ಅಣ್ಣ?"

"ಒಬ್ಬ ಸಿಕ್ಕಿದ," ಎಂದಳು ಗಿರಿಜಾ, ನನಗೆ ಚಹಾ ಕೊಡುತ್ತಾ. "ಮನ್ಯಾಗೇ ಇಟ್ಕಂಡೀವಿ."